ಕಣ್ಣಳತೆ ಮಾಸ್ಟರ ಸ್ವಂತ ಅಂಗಡಿ

ಹದಿನಾಲ್ಕು ವರ್ಷ ಕೊರಳಲ್ಲಿ ಟೇಪು ಹಾಕಿಕೊಂಡು ಓಡಾಡಿ, ಅದರಿಂದ ಒಬ್ಬನೇ ಒಬ್ಬ ಗಿರಾಕಿಯನ್ನೂ ಅಳೆಯದ ದರ್ಜಿ ಎಂದರೆ ಕಣ್ಣಳತೆ ಮಾಸ್ಟರು ಒಬ್ಬರೇ ಇರಬೇಕು. ಡಾಕ್ಟರ ಕೊರಳಲ್ಲಿ ಸ್ಟೆತಾಸ್ಕೋಪು ಇದ್ದ ಹಾಗೆ ಇವರ ಕೊರಳಲ್ಲಿ ಟೇಪು. ಡಾಕ್ಟರಾದರೆ ಅದನ್ನು ಆಗಾಗ ಬಳಸುತ್ತಾರೆ ಎನ್ನುವುದೊಂದೇ ವ್ಯತ್ಯಾಸ. ಗಿರಾಕಿ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟನೋ ಇಲ್ಲವೋ, ಮಾಸ್ಟರು ಕತ್ತರಿಸುವ ಮೇಜಿನಿಂದ ತಲೆಯೆತ್ತಿ, ಎಡಗಣ್ಣು ಕಿರಿದು ಮಾಡಿ, ಮೇಲಿಂದ ಕೆಳಗೆ ಒಂದು ನೋಟ ಇಳಿಸಿ, "ಎದೆ ಮೂವತ್ತೆಂಟು, ಸೊಂಟ ಮೂವತ್ನಾಲ್ಕು, ತೋಳು ಇಪ್ಪತ್ನಾಲ್ಕು, ಬರ್ಕೊಳ್ಳಿ ಅಕ್ಕಾ" ಎಂದು ಕೂಗುತ್ತಿದ್ದರು. ಗಿರಾಕಿ ಬೆರಗಾಗಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ. ಆ ಬಿಟ್ಟ ಬಾಯಿ ನೋಡುವುದು ಮಾಸ್ಟರಿಗೆ ಸಂಬಳಕ್ಕಿಂತ ಹೆಚ್ಚಿನ ಸುಖ.

ಬರೆದುಕೊಳ್ಳುತ್ತಿದ್ದವರು ಅಂಗಡಿ ಯಜಮಾನರ ತಂಗಿ. ಕಾಜ ಹಾಕುವುದು, ಗುಂಡಿ ಹೊಲಿಯುವುದು, ಅಳತೆ ಪುಸ್ತಕ ನೋಡಿಕೊಳ್ಳುವುದು ಅವರ ಕೆಲಸವಾದ್ದರಿಂದ ಎಲ್ಲರೂ ಅವರನ್ನು ಕಾಜದಕ್ಕ ಎನ್ನುತ್ತಿದ್ದರು. ಮಾಸ್ಟರು ಕೂಗಿ ಮುಗಿಸಿದ ಮೇಲೆ ಅಕ್ಕ ಗಿರಾಕಿಯನ್ನು, "ಬನ್ನಿ, ಕಾಲರ್ ಯಾವ ಥರ ಬೇಕು ತೋರಿಸ್ತೀನಿ" ಎಂದು ಪರದೆಯ ಹಿಂದೆ ಕರೆದೊಯ್ಯುತ್ತಿದ್ದರು. ಹೋದವರು ಐದು ನಿಮಿಷ ಹೊರಗೆ ಬರುತ್ತಿರಲಿಲ್ಲ. ಹೆಂಗಸರಿಗೆ ಮಾತಿನ ಚಪಲ ಜಾಸ್ತಿ ಎಂದು ಮಾಸ್ಟರು ಒಳಗೊಳಗೇ ನಗುತ್ತಿದ್ದರು. ಮರುದಿನ ಪುಸ್ತಕ ತೆರೆದು, ಅದರಲ್ಲಿ ಬರೆದಿದ್ದ ಅಳತೆಯಂತೆ ಬಟ್ಟೆ ಕತ್ತರಿಸುತ್ತಿದ್ದರು.

ಕತ್ತರಿಸುವುದರಲ್ಲಿ ಅವರದು ಎತ್ತಿದ ಕೈ. ಇದನ್ನು ವ್ಯಂಗ್ಯವಿಲ್ಲದೆ ಹೇಳಬೇಕು. ಅವರ ಬಗ್ಗೆ ಹಾಗೆ ಹೇಳಬಹುದಾದದ್ದು ಬೇರೆ ಹೆಚ್ಚೇನೂ ಇಲ್ಲ. ಬೇರೆಯವರು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು ಒದ್ದಾಡುವ ತೋಳಿನ ಬಾಗನ್ನು ಇವರು ಕತ್ತರಿ ಎತ್ತದೆ ಒಂದೇ ಉಸಿರಿನಲ್ಲಿ ತೆಗೆಯುತ್ತಿದ್ದರು. ಅವರು ಕತ್ತರಿಸಿದ ಕೋಟು ತೊಟ್ಟರೆ, ಕೂತು ಕೂತು ಬೆನ್ನು ಬಾಗಿದ ಗುಮಾಸ್ತನೂ ನೆಟ್ಟಗೆ ನಡೆಯುತ್ತಿದ್ದ. ಆದರೆ ಯಾರಾದರೂ ಅವರ ಕೈಯನ್ನು ಹೊಗಳಿದರೆ ಮಾಸ್ಟರು "ಹೂಂ" ಎಂದು ಸುಮ್ಮನಾಗುತ್ತಿದ್ದರು. ಕಣ್ಣನ್ನು ಹೊಗಳಿದರೆ ಕಾಫಿ ತರಿಸುತ್ತಿದ್ದರು.

ಹಾಗೆ ಕಾಫಿ ಕುಡಿದ ಗಿರಾಕಿಯೊಬ್ಬ ಲೋಟ ಕೆಳಗಿಡುತ್ತ, "ಮಾಸ್ಟ್ರೇ, ಈ ಅಂಗಡಿ ನಡೀತಿರೋದೇ ನಿಮ್ಮ ಕಣ್ಣಿಂದ. ನೀವ್ಯಾಕೆ ಇನ್ನೊಬ್ಬರ ಕೈಕೆಳಗೆ ಇರ್ಬೇಕು?" ಎಂದುಬಿಟ್ಟ. ಪುಕ್ಕಟೆ ಕಾಫಿಗೆ ಪುಕ್ಕಟೆ ಮಾತು, ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಾಸ್ಟರ ತಲೆಯಲ್ಲಿ ಹುಳ ಹೊಕ್ಕಿತು. ನಲವತ್ತು ದಾಟಿದ ಮೇಲೆ ತಲೆಗೆ ಹೊಕ್ಕ ಹುಳ ಸುಲಭಕ್ಕೆ ಹೊರಗೆ ಬರುವುದಿಲ್ಲ.

ಸ್ವಂತ ಉದ್ಯೋಗ ಮಾಡುವವರಿಗೆಂದು ಎಲ್ಲೋ ಮೂರು ದಿನದ ತರಬೇತಿ ನಡೆಯುತ್ತಿತ್ತು. ಮಾಸ್ಟರು ರಜೆ ಹಾಕಿ ಹೋದರು. ಜೀವನದಲ್ಲಿ ಒಂದು ಗುಂಡಿಯನ್ನೂ ಮಾರದ ಮೇಡಂ ಒಬ್ಬರು, ವ್ಯಾಪಾರ ಮಾಡುವುದು ಹೇಗೆಂದು ಮೂರು ದಿನ ಹೇಳಿಕೊಟ್ಟರು. ಎರಡನೆಯ ದಿನ ಒಂದು ಹಾಳೆ ಹಂಚಿ, ಎಡಗಡೆ ನಿಮ್ಮ ಬಲ ಬರೆಯಿರಿ, ಬಲಗಡೆ ನಿಮ್ಮ ದೌರ್ಬಲ್ಯ ಬರೆಯಿರಿ ಎಂದರು. ಮಾಸ್ಟರು ಎಡಗಡೆ, "ಒಂದು, ಕಣ್ಣಳತೆ. ಎರಡು, ಕಣ್ಣಳತೆಯ ವೇಗ. ಮೂರು, ಜನರು ಮೆಚ್ಚಿದ ಕಣ್ಣು" ಎಂದು ಶುರುಮಾಡಿ ಹನ್ನೊಂದರವರೆಗೆ ಹೋದರು. ಕತ್ತರಿಯ ಹೆಸರು ಹನ್ನೊಂದರಲ್ಲೂ ಇರಲಿಲ್ಲ. ಬಲಗಡೆ ಬಹಳ ಯೋಚಿಸಿ, "ಅತಿಯಾದ ಒಳ್ಳೆಯತನ" ಎಂದು ಬರೆದರು. ಪಕ್ಕದಲ್ಲಿ ಕೂತಿದ್ದವನೂ ಅದನ್ನೇ ಬರೆದಿದ್ದ. ಆ ಸಭಾಂಗಣದಲ್ಲಿ ಅವತ್ತು ಒಳ್ಳೆಯತನ ತುಂಬಿ ತುಳುಕುತ್ತಿತ್ತು.

"ಈ ಹಾಳೇನ ಮನೆಯವರಿಗೆ, ಜೊತೇಲಿ ಕೆಲಸ ಮಾಡೋರಿಗೆ ತೋರಿಸಿ. ಅವರು ಒಪ್ತಾರಾ ಕೇಳಿ" ಎಂದರು ಮೇಡಂ. ಮೂರು ದಿನದಲ್ಲಿ ಅವರು ಆಡಿದ ಕೆಲಸಕ್ಕೆ ಬರುವ ಮಾತು ಇದೊಂದೇ. ಆ ಹೊತ್ತಿಗೆ ಮಾಸ್ಟರು ಊಟದ ಸಾಲಿನಲ್ಲಿ ಮುಂದೆ ನಿಲ್ಲಲು ಎದ್ದುಹೋಗಿದ್ದರು.

ಮನೆಯಲ್ಲಿ ಹೆಂಡತಿ ಆಸ್ಪತ್ರೆಯ ನರ್ಸು. ಸಿರಿಂಜಿನ ಗೆರೆ ನೋಡಿ ನೋಡಿ ಅಭ್ಯಾಸವಾದ ಆಕೆಗೆ ಗಂಡನ ಕೀರ್ತಿ ಮೊದಲಿಂದಲೂ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. "ರೀ, ನಾವು ಔಷಧಿನ ಕಣ್ಣಳತೇಲಿ ಕೊಟ್ರೆ ಸಂಜೆಯೊಳಗೆ ವಾರ್ಡೇ ಖಾಲಿಯಾಗುತ್ತೆ. ಅಂಗಡಿ ಮಾಡಿ, ಬೇಡ ಅನ್ನಲ್ಲ. ಆದ್ರೆ ಟೇಪು ಹಿಡ್ಕೊಂಡು ಮಾಡಿ" ಎಂದಳು.

"ನಿಂದು ಕೆಲಸ ಕಣೇ, ನಂದು ಕಲೆ" ಎಂದರು ಮಾಸ್ಟರು.

ಆಕೆಗೆ ಬೆಳಗಿನ ಪಾಳಿಗೆ ಹೊತ್ತಾಗಿತ್ತು. ಕಲೆಯ ಜೊತೆ ವಾದ ಮಾಡುತ್ತ ನಿಂತರೆ ಬಸ್ಸು ತಪ್ಪುತ್ತದೆ ಎಂದು ಹೊರಟಳು. ಹಳೆಯ ಯಜಮಾನರೂ ತಡೆಯಲಿಲ್ಲ. "ಹೋಗಿ ಬಾ, ಒಳ್ಳೇದಾಗ್ಲಿ. ಒಂದ್ ಮಾತು, ಬೇಜಾರು ಮಾಡ್ಕೋಬೇಡ. ಅಲ್ಲಿ ಟೇಪು ಬಳಸು" ಎಂದರು. ಹೊಟ್ಟೆಕಿಚ್ಚು ಎಷ್ಟು ಮೆತ್ತಗಿನ ದನಿಯಲ್ಲಿ ಮಾತಾಡುತ್ತದೆ ನೋಡಿ ಎಂದು ಮಾಸ್ಟರು ದಾರಿಯುದ್ದಕ್ಕೂ ಅಂದುಕೊಂಡರು. ಅವರು ಹೊರಡುವಾಗ ಕಾಜದಕ್ಕ ಏನೋ ಹೇಳಲು ಬಾಯಿ ತೆರೆದವರು, ಅಣ್ಣನ ಮುಖ ನೋಡಿ ಮತ್ತೆ ಸೂಜಿಗೆ ದಾರ ಪೋಣಿಸತೊಡಗಿದರು.

ಹೊಸ ಅಂಗಡಿ ಎರಡು ಬೀದಿ ಆಚೆ. ಬೋರ್ಡಿನ ಮೇಲೆ "ಟೇಪು ಮುಟ್ಟದ ಟೈಲರ್" ಎಂದು ಬರೆಸಿ, ಪಕ್ಕದಲ್ಲಿ ತಟ್ಟೆಯಷ್ಟು ದೊಡ್ಡ ಕಣ್ಣೊಂದನ್ನು ಚಿತ್ರ ಮಾಡಿಸಿದರು. ಮೊದಲ ವಾರ ಅಂಗಿ ಹೊಲಿಸಲು ಬಂದವರಿಗಿಂತ ಕನ್ನಡಕ ಕೇಳಿಕೊಂಡು ಬಂದವರೇ ಹೆಚ್ಚು. ಮಿಷಿನ್ನಿಗೆ ಕೂರಲು ಒಬ್ಬ ಸಿಕ್ಕಿದ. ಅವನು ಮಾತೇ ಆಡದವನಾದ್ದರಿಂದ ಮಾಸ್ಟರು ಅವನನ್ನು ಮೌನಿ ಎಂದು ಕರೆದರು. ಅಳತೆ ಬರೆದುಕೊಳ್ಳುವುದೂ ಅವನ ಪಾಲಿಗೆ ಬಂತು. ಮೌನಿಯದು ಅಪರೂಪದ ಗುಣ: ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದ. ಮಾಸ್ಟರು ಮೂವತ್ತೆಂಟು ಎಂದರೆ ಅವನ ಪುಸ್ತಕದಲ್ಲಿ ಮೂವತ್ತೆಂಟೇ. ಅಂಥ ಪ್ರಾಮಾಣಿಕನೇ ಅವರ ಮನೆ ಹಾಳು ಮಾಡಿದ.

ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. ಮಾಸ್ಟರು ಅಳತೆ ಕೂಗಿದ ಮೇಲೂ ಅವರು ಹೋಗದೆ ಆಚೀಚೆ ನೋಡುತ್ತ ನಿಲ್ಲುತ್ತಿದ್ದರು. "ಕಾಲರ್ ತೋರಿಸೋರು ಯಾರೂ ಇಲ್ವಾ?" ಎಂದು ಕೇಳುತ್ತಿದ್ದರು. "ಕಾಲರ್ ನನಗೆ ಬಿಡಿ" ಎಂದು ಮಾಸ್ಟರು ಕಳಿಸುತ್ತಿದ್ದರು. ಬಟ್ಟೆ ತೊಟ್ಟು ನೋಡಿದವರು ಮರಳಿ ಬಂದಾಗ ಮುಖ ಬೇರೆ ಇರುತ್ತಿತ್ತು. ಒಬ್ಬನಿಗೆ ಸೊಂಟ ಬಿಗಿ, ಇನ್ನೊಬ್ಬನಿಗೆ ಭುಜ ಜೋಲು. ಮಾಸ್ಟರು ಒಂದೇ ವಾರದಲ್ಲಿ ಐದು ಜನರಿಗೆ "ನೀವು ದಪ್ಪ ಆಗಿದ್ದೀರಿ" ಎಂದೂ ಮೂರು ಜನರಿಗೆ "ಇಳಿದುಹೋಗಿದ್ದೀರಿ, ಮನೇಲಿ ಏನಾದ್ರೂ ತೊಂದ್ರೆನಾ?" ಎಂದೂ ಹೇಳಿ ಕಳಿಸಿದರು. ಬ್ಯಾಂಕಿನ ಗುಮಾಸ್ತನೊಬ್ಬ ಅದನ್ನು ನಂಬಿ ಎರಡು ತಿಂಗಳು ಅರ್ಧ ಹೊಟ್ಟೆ ಉಂಡ. ಪ್ಯಾಂಟು ಸರಿಹೋಯಿತು. ಮಾಸ್ಟರು ಅದನ್ನು ತಮ್ಮ ಗೆಲುವುಗಳ ಪಟ್ಟಿಗೆ ಸೇರಿಸಿಕೊಂಡರು.

ಗಿರಾಕಿಗಳು ಕಡಿಮೆಯಾಗುತ್ತಿದ್ದ ಆ ಹೊತ್ತಿನಲ್ಲಿ ಹೋಟೆಲಿನ ಕೆಲಸ ಬಂತು. ಅದೇ ಬೀದಿಯ ತುದಿಯಲ್ಲಿ ನಾಲ್ಕು ಅಂತಸ್ತಿನ ಹೊಸ ಹೋಟೆಲು. ನಲವತ್ತೊಂದು ಜನ ಸಿಬ್ಬಂದಿ. ಎಲ್ಲರಿಗೂ ಒಂದೇ ಬಣ್ಣದ ಕೋಟು. ಇದು ಗೆದ್ದರೆ ಅಂಗಡಿ ಉಳಿಯುತ್ತದೆ, ಸೋತರೆ ಬೋರ್ಡು ಇಳಿಸಬೇಕು. ಅಷ್ಟು ಲೆಕ್ಕ ಮಾಸ್ಟರಿಗೂ ಗೊತ್ತಿತ್ತು. ಮ್ಯಾನೇಜರಮ್ಮ ನಲವತ್ತೊಂದು ಜನರನ್ನು ಸಾಲಾಗಿ ನಿಲ್ಲಿಸಿದರು. ಮಾಸ್ಟರು ಕೈ ಹಿಂದೆ ಕಟ್ಟಿಕೊಂಡು, ಕವಾಯತು ನೋಡಲು ಬಂದ ದೊಡ್ಡ ಅಧಿಕಾರಿಯ ಹಾಗೆ ಸಾಲಿನುದ್ದಕ್ಕೂ ನಡೆದರು. ಹಿಂದೆ ಮೌನಿ ಬರೆಯುತ್ತ ಬಂದ.

"ಟೇಪು ಬೇಡ್ವಾ?" ಎಂದರು ಮ್ಯಾನೇಜರಮ್ಮ.

"ಟೇಪು ಕಲಿಯೋರಿಗೆ ಮೇಡಂ" ಎಂದರು ಮಾಸ್ಟರು.

ಇಪ್ಪತ್ತೆರಡು ನಿಮಿಷದಲ್ಲಿ ನಲವತ್ತೊಂದು ಅಳತೆ ಮುಗಿದವು. ಇಷ್ಟು ಸಾಲದು ಎಂಬಂತೆ, ಕತ್ತರಿಸುವಾಗ ಹೊಲಿಗೆಯ ಒಳಗೆ ಬಿಡಬೇಕಾದ ಹೆಚ್ಚುವರಿ ಬಟ್ಟೆಯನ್ನೂ ಅವರು ಬಿಡಲಿಲ್ಲ. ನಾಳೆ ಬಿಚ್ಚಿ ಸಡಿಲ ಮಾಡಬೇಕಾದೀತು ಎಂದು ಒಂದೊಂದು ಇಂಚು ಒಳಗೆ ಮಡಚಿಡುವುದು ದರ್ಜಿಗಳ ವಾಡಿಕೆ. ತಮ್ಮ ಕಣ್ಣಿನ ಮೇಲೆ ತಮಗೇ ಅನುಮಾನವಿದ್ದವರ ವಾಡಿಕೆ ಅದು ಎನ್ನುವುದು ಮಾಸ್ಟರ ಸಿದ್ಧಾಂತ.

ಹೋಟೆಲು ತೆರೆದ ದಿನ ಮಾಸ್ಟರು ಹೊಗಳಿಕೆ ಪಡೆಯಲು ಅನುಕೂಲವಾದ ಜಾಗ ನೋಡಿ, ಬಾಗಿಲ ಪಕ್ಕದಲ್ಲೇ ನಿಂತಿದ್ದರು. ಬಾಗಿಲು ತೆಗೆಯುವ ಕೆಲಸಕ್ಕೆ ಇಟ್ಟಿದ್ದವನು ಆರಡಿ ಮೀರಿದ ಆಳು, ಎದೆ ಕದದಷ್ಟು ಅಗಲ. ಮೊದಲ ಅತಿಥಿ ಕಾರಿನಿಂದ ಇಳಿದರು. ಆಳು ನಗುತ್ತ ಬಲಗೈ ಚಾಚಿ ಗಾಜಿನ ಬಾಗಿಲು ಎಳೆದ. ಪರ್ರೆಂದಿತು. ಕೋಟು ಕಂಕುಳಿಂದ ಸೊಂಟದವರೆಗೆ ಸೀಳಿ, ಒಳಗಿನ ಬನಿಯನ್ ಅತಿಥಿಗಳನ್ನು ಸ್ವಾಗತಿಸಿತು. ಒಳಗೆ, ಬೆರಳು ಮುಚ್ಚುವಷ್ಟು ಉದ್ದ ತೋಳಿನ ಬಡಕಲು ಮನುಷ್ಯನೊಬ್ಬ ತಟ್ಟೆ ಜಾರಿಸಿದ. ಅಡುಗೆಯವನ ಹೊಟ್ಟೆಯ ಮೇಲಿನ ಗುಂಡಿ ಸಿಡಿದು ಸೂಪಿನೊಳಗೆ ಬಿತ್ತು. ಬೀದಿಯ ಅರ್ಧ ಜನ ಅಲ್ಲೇ ನಿಂತು ನೋಡುತ್ತಿದ್ದರು. ಉಳಿದರ್ಧಕ್ಕೆ ಸಂಜೆಯೊಳಗೆ ಸುದ್ದಿ ಮುಟ್ಟಿತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಾಸ್ಟರು, "ಬಾಗಿಲು ಸ್ವಲ್ಪ ಬಿಗಿ ಇದೆ ಮೇಡಂ" ಎಂದರು.

ಮ್ಯಾನೇಜರಮ್ಮ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. "ಇನ್ನೊಂದ್ ಸಲ ಬಟ್ಟೆ ಕೊಡ್ತೀನಿ. ಇವತ್ತು ಸೋಮವಾರ. ಬರೋ ಸೋಮವಾರದೊಳಗೆ ನಲವತ್ತೊಂದೂ ಸರಿಯಾಗಿ ಬರ್ಬೇಕು. ಇಲ್ಲಾಂದ್ರೆ ನಿಮ್ಮ ಹಳೇ ಅಂಗಡಿಗೆ ಕೊಡ್ತೀನಿ. ಅಲ್ಲಿ ಯಾರಿಗೂ ಹೀಗಾಗಿದ್ದು ಕೇಳಿಲ್ಲ" ಎಂದರು.

ಮನೆಗೆ ಬಂದ ಮಾಸ್ಟರು ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವಂತೆ ಬಟ್ಟೆಯನ್ನು ಬೈದರು, ಮೌನಿಯನ್ನು ಬೈದರು, ಅಂಗಡಿಯ ಬೆಳಕನ್ನು ಬೈದರು. ಹೆಂಡತಿ ಬೈಗುಳ ಮುಗಿಯುವವರೆಗೆ ಕಾದಳು. ರೋಗಿಗಳ ಜೊತೆ ಇದ್ದು ಬಂದ ತಾಳ್ಮೆ ಅದು.

"ಹಳೇ ಅಂಗಡೀಲಿ ಇದೇ ಕಣ್ಣು, ಇದೇ ಕೈ, ಸರಿಯಾಗಿ ಬರ್ತಿತ್ತು. ಇಲ್ಲಿ ಬರ್ತಿಲ್ಲ. ಅಲ್ಲಿದ್ದು ಇಲ್ಲಿಲ್ಲದ್ದು ಏನೋ ಇರ್ಬೇಕಲ್ವಾ? ಹೋಗಿ ನೋಡ್ಕೊಂಡು ಬನ್ನಿ" ಎಂದಳು.

"ಟ್ಯೂಬ್‌ಲೈಟು" ಎಂದರು ಮಾಸ್ಟರು ತಟ್ಟನೆ. "ಅಲ್ಲಿ ಮೇಜಿನ ಮೇಲೆ ಎರಡಿತ್ತು."

ಮರುದಿನ ಬೆಳಗ್ಗೆ ಅವರು ಹಳೆಯ ಅಂಗಡಿಗೆ ಹೋದದ್ದು ಟ್ಯೂಬ್‌ಲೈಟು ನೋಡಲು. ಯಜಮಾನರು ಕೂರಿಸಿದರು. ಕಾಜದಕ್ಕ ಸೂಜಿ ಕೆಳಗಿಟ್ಟರು. ಮಾಸ್ಟರು ಒಂದಿಷ್ಟು ಹೊತ್ತು ಸೂರು ನೋಡಿ, ಆ ಮಾತು ಈ ಮಾತು ಆಡಿ, ಕಡೆಗೆ, "ಅಕ್ಕಾ, ಇಲ್ಲಿದ್ದಾಗ ಒಂದಾದ್ರೂ ಬಟ್ಟೆ ವಾಪಸ್ ಬಂದಿತ್ತಾ?" ಎಂದರು.

ಅಕ್ಕ ಅಣ್ಣನ ಕಡೆ ನೋಡಿದರು. ಹೇಳು ಎಂಬಂತೆ ಅವರು ತಲೆಯಾಡಿಸಿದರು.

"ಕಾಲರ್ ತೋರಿಸೋಕೆ ಐದು ನಿಮಿಷ ಯಾಕೆ ಬೇಕು ಮಾಸ್ಟ್ರೇ?" ಎಂದರು ಅಕ್ಕ. "ಪರದೆ ಹಿಂದೆ ಟೇಪಿಟ್ಟು ಅಳೀತಿದ್ದೆ. ನೀವು ಕೂಗಿದ್ದನ್ನ ಬೇರೆ ಚೀಟೀಲಿ ಬರ್ಕೊಂಡು ಹರಿದು ಹಾಕ್ತಿದ್ದೆ. ಪುಸ್ತಕಕ್ಕೆ ಏರಿಸ್ತಿದ್ದದ್ದು ನನ್ನ ಅಳತೆ."

"ಹದಿನಾಲ್ಕು ವರ್ಷನಾ?"

"ಮೊದಲ ತಿಂಗಳು ಬಿಟ್ಟು."

"ಗಿರಾಕಿಗಳು?"

"ಅವರಿಗೆಲ್ಲ ಹೇಳಿದ್ದೆ. ಮಾಸ್ಟ್ರಿಗೆ ಗೊತ್ತಾಗೋದು ಬೇಡ, ಬೇಜಾರು ಮಾಡ್ಕೋತಾರೆ ಅಂತ."

ಅಂದರೆ ಊರಿಗೆಲ್ಲ ಗೊತ್ತಿತ್ತು. ಬಾಯಿ ಬಿಟ್ಟುಕೊಂಡು ನಿಂತವರಿಗೆ ಗೊತ್ತಿತ್ತು, ಕಾಫಿ ಕುಡಿದು ಹುಳ ಬಿಟ್ಟವನಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವರು ಒಬ್ಬರೇ. ಮಾಸ್ಟರಿಗೆ ಮೊದಲು ಸಿಟ್ಟು ಬಂತು. "ಸುಳ್ಳು!" ಎಂದು ಎದ್ದು ನಿಂತರು. ಯಜಮಾನರೂ ಎದ್ದು ಅವರೆದುರು ನಿಂತು, "ಹಂಗಾದ್ರೆ ನನ್ನ ಸೊಂಟ ಹೇಳು" ಎಂದರು. ಮಾಸ್ಟರು ಎಡಗಣ್ಣು ಕಿರಿದು ಮಾಡಿ ಮೂವತ್ತೆಂಟು ಎಂದರು. ಅಕ್ಕ ಟೇಪು ಸುತ್ತಿದರು. ನಲವತ್ತೆರಡು. ಮಾಸ್ಟರ ಜಾಗಕ್ಕೆ ಬಂದಿದ್ದ ಬಡಕಲು ಕಟಿಂಗಿನವನನ್ನು ಕರೆದರು. ಮಾಸ್ಟರು ಮೂವತ್ಮೂರು ಎಂದರು. ಟೇಪು ಮೂವತ್ತು ಎಂದಿತು.

ದಪ್ಪಗಿನವರನ್ನು ಸ್ವಲ್ಪ ತೆಳ್ಳಗೆ, ತೆಳ್ಳಗಿನವರನ್ನು ಸ್ವಲ್ಪ ದಪ್ಪಗೆ ಕಾಣುವ ಕಣ್ಣು ಅದು. ಎಲ್ಲರನ್ನೂ ಸಮಾನವಾಗಿ ನೋಡುವ ಗುಣ ಸಂತರಿಗಾದರೆ ಶೋಭಿಸುತ್ತದೆ. ದರ್ಜಿಗೆ ಅದರಿಂದ ಕೋಟು ಹರಿಯುತ್ತದೆ.

ಮಾಸ್ಟರು ಕೂತರು. ನಾಚಿಕೆಯಿಂದ ಕಿವಿ ಬಿಸಿಯಾಗಿ, ಕಣ್ಣಲ್ಲಿ ನೀರು ತುಂಬಿತು. "ಅವತ್ತೇ ಹೇಳ್ಬಾರ್ದಿತ್ತಾ ಯಜಮಾನ್ರೇ?"

"ಹೇಳಿದ್ರೆ ಎದ್ದು ಹೋಗ್ತಿದ್ದೆ. ನನಗೆ ನಿನ್ನ ಕೈ ಬೇಕಿತ್ತು" ಎಂದರು ಯಜಮಾನರು. ಅದರಲ್ಲಿ ಅವರ ಸ್ವಾರ್ಥವೂ ಇತ್ತು. ಅದನ್ನು ಅವರು ಮುಚ್ಚಿಡಲಿಲ್ಲ. "ನೀನು ಹೋದ ಮೇಲೆ ಅಳತೆ ಸರಿಯಾಗೇ ಇದೆ. ಕೋಟು ಮಾತ್ರ ಗೋಣಿಚೀಲದ ಹಾಗೆ ಕೂರುತ್ತೆ."

ಮಾಸ್ಟರು ಆಗ ಹೋಟೆಲಿನ ವಿಷಯ ತೆಗೆದರು. ಅಕ್ಕ ನಾಲ್ಕು ದಿನ ಬಂದು ಅಳತೆ ತೆಗೆದುಕೊಟ್ಟು ಜೊತೆಗೆ ನಿಂತರೆ ನಲವತ್ತೊಂದು ಕೋಟು ಉಳಿಯುತ್ತವೆ ಎಂದರು. ಬೇಡುವುದು ಅಭ್ಯಾಸವಿಲ್ಲದ್ದರಿಂದ ಮಾತು ಆಜ್ಞೆಯ ಹಾಗೆ ಹೊರಟು, ಅರ್ಧ ದಾರಿಯಲ್ಲಿ ಕುಗ್ಗಿತು.

"ನೀನು ಸೋತ್ರೆ ಆ ಆರ್ಡರ್ ನಮಗೇ ಬರುತ್ತೆ, ಗೊತ್ತಾ?" ಎಂದರು ಯಜಮಾನರು.

"ಬಂದ್ರೆ ಏನ್ ಮಾಡ್ತೀಯ ಅಣ್ಣಾ? ವಾರದಲ್ಲಿ ನಲವತ್ತೊಂದು ಕೋಟು ಕತ್ತರಿಸೋ ಕೈ ನಮ್ಮಲ್ಲಿ ಎಲ್ಲಿದೆ?" ಎಂದ ಅಕ್ಕ ಮಾಸ್ಟರ ಕಡೆ ತಿರುಗಿದರು. "ಬರ್ತೀನಿ. ಆದ್ರೆ ಪರದೆ ಹಿಂದೆ ನಿಲ್ಲೋಳಲ್ಲ. ಎಲ್ಲರೆದುರಿಗೆ ಟೇಪು ನನ್ನ ಕೈಯಲ್ಲಿರ್ಬೇಕು. ನಾನು ಕೂಗ್ತೀನಿ, ನೀವು ಬರೀಬೇಕು. ಒಪ್ಪಿಗೆ ಇದ್ರೆ ಹೇಳಿ, ಇಲ್ಲಾಂದ್ರೆ ಕಾಫಿ ಕುಡಿದು ಹೊರಡಿ."

ಮಾಸ್ಟರು ಕಾಫಿ ಕುಡಿದರು. ಲೋಟ ಖಾಲಿಯಾಗುವವರೆಗೆ ಅವರ ಮನಸ್ಸಿನಲ್ಲಿ ನಡೆದ ಯುದ್ಧವನ್ನು ಬಣ್ಣಿಸಿದರೆ ಅವರಿಗೂ ನಮಗೂ ಗೌರವವಲ್ಲ. ಎರಡು ಸಲ ಅವರು ಬಾಗಿಲ ಕಡೆ ನೋಡಿದ್ದು ನಿಜ. ಕಡೆಗೆ, "ಇವತ್ತೇ ಹೋಗೋಣ್ವಾ ಅಕ್ಕಾ?" ಎಂದರು.

ಹೋಟೆಲಿನ ಅಂಗಳದಲ್ಲಿ ನಲವತ್ತೊಂದು ಜನ ಮತ್ತೆ ಸಾಲಾಗಿ ನಿಂತರು. ಮ್ಯಾನೇಜರಮ್ಮ ಕೈಕಟ್ಟಿ ಒಂದು ಕಡೆ ನಿಂತರು. ಅಕ್ಕ ಟೇಪು ಹಿಡಿದು ಮುಂದೆ, ಮಾಸ್ಟರು ಪುಸ್ತಕ ಹಿಡಿದು ಅವರ ಹಿಂದೆ. ಬೀದಿಯ ಕಡೆಯ ಗೇಟು ತೆರೆದೇ ಇತ್ತು; ಬರುವವರು ಹೋಗುವವರು ಇಣುಕುತ್ತಿದ್ದರು. ಮಾಸ್ಟರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ನೆಲಕ್ಕೆ ಬೇರೆ ಕೆಲಸವಿತ್ತು. ಗೇಟಿನ ಕಡೆ ನೋಡುತ್ತಲೇ ಮೊದಲ ನಾಲ್ಕು ಅಂಕಿಗಳನ್ನು ತಾವೇ ಓದಲಾರದಂತೆ ಬರೆದರು. ಅಕ್ಕ ಅವನ್ನು ಮತ್ತೆ ಹೇಳಿ ಬರೆಸಿದರು.

ಹನ್ನೆರಡನೆಯವನು ಆ ಬಾಗಿಲಿನ ಆಳು. ಅಕ್ಕನ ಕೈಯಲ್ಲಿದ್ದ ಟೇಪನ್ನೂ ಮಾಸ್ಟರ ಕೈಯಲ್ಲಿದ್ದ ಪೆನ್ನನ್ನೂ ನೋಡಿ ಹುಬ್ಬು ಗಂಟಿಕ್ಕಿದ.

"ಯಾಕೆ ಮಾಸ್ಟ್ರೇ, ಈ ಸಲ ನೀವು ಅಳತೆ ತಗೊಳಲ್ವಾ?"

ಸಾಲಿನಲ್ಲಿದ್ದವರು ತಿರುಗಿದರು. ಮ್ಯಾನೇಜರಮ್ಮನೂ ತಿರುಗಿದರು. ಕೆಮ್ಮು, ನೆಗಡಿ, ಕಣ್ಣುನೋವು, ಅಕ್ಕನಿಗೆ ಕಲಿಸಿಕೊಡುತ್ತಿದ್ದೇನೆ, ಹೀಗೆ ಹೇಳಲು ನಾಲ್ಕು ಸುಳ್ಳುಗಳು ಮಾಸ್ಟರ ಬಾಯಿಯವರೆಗೆ ಬಂದವು. ಅಕ್ಕ ಅವರ ಮುಖವನ್ನೇ ನೋಡುತ್ತಿದ್ದರು.

"ನನಗೆ ಅಳತೆ ಬರಲ್ಲಪ್ಪಾ" ಎಂದರು ಮಾಸ್ಟರು. "ಯಾವತ್ತೂ ಬರ್ತಿರ್ಲಿಲ್ಲ. ಕತ್ತರಿಸೋದಷ್ಟೇ ಬರುತ್ತೆ."

ಹೇಳಿ ಮುಗಿಸಿ ಅವರು ನಗುವಿಗಾಗಿ ಕಾದು ನಿಂತರು. ಯಾರೂ ನಗಲಿಲ್ಲ. ಮ್ಯಾನೇಜರಮ್ಮ ಗಡಿಯಾರ ನೋಡಿಕೊಂಡರು. ಸಾಲಿನ ಕೊನೆಯಲ್ಲಿ ಯಾರೋ ಆಕಳಿಸಿದರು.

"ಓ, ಹಂಗಾ" ಎಂದ ಬಾಗಿಲಿನ ಆಳು. "ಅಕ್ಕಾ, ಬೇಗ ತಗೊಂಬಿಡಿ. ನನ್ನ ಡ್ಯೂಟಿ ಟೈಮಾಯ್ತು." ಎರಡೂ ತೋಳು ಎತ್ತಿ ನಿಂತ.

"ಎದೆ ನಲವತ್ತಾರು" ಎಂದು ಕೂಗಿದರು ಅಕ್ಕ. ಮಾಸ್ಟರು ಬರೆದುಕೊಂಡರು.